ಕೋರಾಳಿಗೆ ಹಾಕಿದ ಸೊನ್ನೆ

ಅಪ್ಪಾ,

ಶಾಲೆಯ ನಿನ್ನ ಬ್ಯಾಂಡ್ ಕೋಣೆಯಲ್ಲಿ ಈಗ ಪಾಠ ಹೇಳುವವಳು ನಾನು. ಬಾಗಿಲ ಮೇಲೆ ನೀನು ಅಂಟಿಸಿದ ನಿಯಮ ಇನ್ನೂ ಹಾಗೇ ಇದೆ: ಕಾರ್ಯಕ್ರಮ ತಪ್ಪಿಸಿದವರಿಗೆ ಸೊನ್ನೆ.

ಶುಕ್ರವಾರದ ಕಾರ್ಯಕ್ರಮಕ್ಕೆ ಟ್ರಂಪೆಟ್ ನುಡಿಸುವ ಕೋರಾ ಬರಲಿಲ್ಲ. ಇವತ್ತು ಬಂದು ಎದುರು ನಿಂತಳು.

"ಅಮರಿಲೊ ಊರಿಗೆ ಹೋಗಿದ್ದೆ ಮಿಸ್, ಅಜ್ಜನ ಮಣ್ಣಿಗೆ. ಗೋರಿ ಹತ್ರ ನಾನೇ ನುಡಿಸ್ದೆ."

"ಸರಿಯಾಗಿ ಬಂತಾ?"

"ಇಲ್ಲ. ಅಳು ಬಂತು, ಅರ್ಧಕ್ಕೇ ನಿಲ್ಲಿಸ್ಬಿಟ್ಟೆ. ಸೊನ್ನೆ ಹಾಕಿ ಮಿಸ್, ನಿಯಮ ಗೊತ್ತು."

ಹಾಕಿದೆ. ಅಳಿಸಿದೆ. ಎದ್ದು ಕುರ್ಚಿಗಳನ್ನೆಲ್ಲ ಸಾಲಾಗಿ ಜೋಡಿಸಿದೆ, ಮತ್ತೆ ಬಂದು ಕೂತೆ. ಕೊನೆಗೆ ನೂರಕ್ಕೆ ನೂರು ಕೊಟ್ಟುಬಿಟ್ಟೆ. ನಿನಗೆ ಸಿಟ್ಟು ಬರುತ್ತಿತ್ತು, ಗೊತ್ತು.

ನಿನ್ನನ್ನು ಮಣ್ಣು ಮಾಡಿದ ದಿನವೂ, ಅದೇ ಹೊತ್ತಿಗೆ, ಇಲ್ಲಿ ಕಾರ್ಯಕ್ರಮವಿತ್ತು. ನಾನು ತಪ್ಪಿಸಲಿಲ್ಲ. ಅಪ್ಪನಿಗೆ ತಕ್ಕ ಮಗಳು ಎಂದು ಎಲ್ಲರೂ ಹೊಗಳಿದರು.