ರೆಗೆಡ್ ದೊರೆಗಳಿಗೆ ಒಂದು ಎಲೆ

ದೊಡ್ಡಪ್ಪಾ,

ನೀವಿಲ್ಲದ ಮೊದಲ ಪಿತೃಪಕ್ಷ ಮುಗಿಯಿತು. ಹಾನುಬಾಳಿನ ಮನೆಯಲ್ಲಿ ನಡೆದದ್ದನ್ನು ನಿಮಗಲ್ಲದೆ ಇನ್ಯಾರಿಗೆ ಹೇಳಲಿ? ಬೇರೆಯವರು ನನಗೆ ತಲೆ ಕೆಟ್ಟಿದೆ ಅಂದುಬಿಡುತ್ತಾರೆ.

ನೆನಪಿದೆಯಾ, ನೀವು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದಾಗ ಬಂಗಲೆಯ ಬೀರುವಿನಲ್ಲಿ ಹಳೆಯ ಇಂಗ್ಲಿಷ್ ಪುಸ್ತಕವೊಂದು ಸಿಕ್ಕಿತ್ತು. ಇಂಗ್ಲಿಷರು ಬ್ರಿಟನ್ನಿನಲ್ಲಿ ಪೂರ್ತಿ ತಳವೂರುವ ಮುಂಚೆ ಅಲ್ಲಿದ್ದ ರೆಗೆಡ್ ಎಂಬ ರಾಜ್ಯದ ಕಥೆ. ದೊರೆ ಉರಿಯೆನ್‌ನನ್ನು ಜೊತೆಗಿದ್ದವರೇ ಹೊಟ್ಟೆಕಿಚ್ಚಿಗೆ ಕೊಲ್ಲಿಸಿದರಂತೆ. ತಲೆ ಒಂದು ಕಡೆ, ಮೈ ಒಂದು ಕಡೆ. ಮಗ ಓವೈನನೂ ಹೋದ, ರಾಜ್ಯವೂ ಹೋಯಿತು. "ಆ ರಾಜ್ಯ ಎಲ್ಲಿತ್ತು ಅಂತ್ಲೇ ಸರಿಯಾಗಿ ಹೇಳೋರಿಲ್ಲ ಕಣೋ. ಇನ್ನು ಎಡೆ ಇಡೋರು ಎಲ್ಲವ್ರೆ?" ಅಂದವರು, ಅವತ್ತಿನಿಂದ ನಮ್ಮ ಹಿರಿಯರ ಸಾಲಿನಾಚೆ, ಬಾಗಿಲ ಹತ್ತಿರ, ಆ ದೊರೆಗಳಿಗೂ ಒಂದು ಎಲೆ ಹಾಕಿಸುತ್ತಾ ಬಂದಿರಿ.

ದೊಡ್ಡಮ್ಮ ಎಷ್ಟು ಬೈದರು! "ಗುರ್ತಿಲ್ದ ಸತ್ತೋರ್ನ ಮನೆ ಒಳಕ್ಕೆ ಕರೀಬ್ಯಾಡಿ. ಬಂದೋರು ಹೋಗ್ದೆ ಇದ್ರೆ?" ನೀವು ನಗುತ್ತಾ, ಯಾವಾಗಿನಂತೆ ಪಲ್ಯದ ಕರಿಬೇವು ಆರಿಸಿ ಎಲೆಯ ತುದಿಗೆ ಸಾಲಾಗಿ ಜೋಡಿಸುತ್ತಾ ಊಟ ಮುಗಿಸಿದಿರಿ. ದೊರೆಗಳ ಎಲೆಯಲ್ಲಿದ್ದುದನ್ನು ಮಾತ್ರ ಮನೆಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ದೊಡ್ಡಮ್ಮ ನಾಯಿಗೆ ಹಾಕಿಬಿಡುತ್ತಿದ್ದರು.

ಈ ಸಲ ಹಿರಿಯರ ಸಾಲಿನಲ್ಲಿ ನಿಮಗೂ ಎಲೆ ಹಾಕಿದೆವು. ಹೆಸರು ಕೂಗುವ ಕೆಲಸ ನನಗೆ ಬಂತು. ನಿಮ್ಮಿಂದ ಕೇಳಿ ಕೇಳಿ ಬಾಯಿಗೆ ಬಂದಿದ್ದನ್ನೇ ಕೂಗಿದೆ: ಮುತ್ತಜ್ಜ, ಅಜ್ಜ, ಅಜ್ಜಿ, ಕೊನೆಗೆ ಉರಿಯೆನ್, ಓವೈನ್. ಬಂದು ಉಣ್ಣಿ ಅಂದು ಬಾಗಿಲು ಎಳೆದು ಎಲ್ಲರೂ ಜಗುಲಿಗೆ ಬಂದೆವು. ಆಗ ದೊಡ್ಡಮ್ಮನ ಮುಖ ಬಿಳಿಚಿಕೊಂಡಿತು. "ಅವ್ರ ಹೆಸ್ರೇ ಕೂಗ್ಲಿಲ್ವಲ್ಲೋ!"

ನಿಮ್ಮ ಬಾಯಲ್ಲಿ ನಿಮ್ಮ ಹೆಸರು ಎಂದೂ ಬಂದಿರಲಿಲ್ಲ ದೊಡ್ಡಪ್ಪ, ನನ್ನ ಬಾಯಿಗೆ ಎಲ್ಲಿಂದ ಬರಬೇಕು? ಕರೆಯದಿದ್ದರೆ ಸತ್ತವರು ಬರುವುದಿಲ್ಲ ಅಂದವರು ನೀವೇ. ಹಿರಿಯರು ಉಂಡೇಳುವ ತನಕ ಎಳೆದ ಬಾಗಿಲನ್ನು ತೆಗೆಯುವಂತಿಲ್ಲ, ಹೊರಗಿನಿಂದ ಕೂಗುವಂತೆಯೂ ಇಲ್ಲ. ನಾಯಿ ಬಾಗಿಲ ಸಂದಿಗೆ ಮೂತಿಯಿಟ್ಟು ಬಾಲ ಅಲ್ಲಾಡಿಸಿತು. ಒಳಗೆ, ಯಾರೋ ಜರುಗಿ ಇನ್ನೊಬ್ಬರಿಗೆ ಜಾಗ ಬಿಟ್ಟ ಹಾಗೆ, ಚಾಪೆಯ ಸದ್ದು...

ಬಾಗಿಲು ತೆಗೆದಾಗ ನಿಮ್ಮ ಎಲೆ ಬಡಿಸಿದ ಹಾಗೇ ಇತ್ತು. ದೊಡ್ಡಮ್ಮ ಅತ್ತುಬಿಟ್ಟರು. ಆಮೇಲೆ ನಾನು ದೊರೆಗಳ ಎಲೆ ನೋಡಿದೆ. ಅದರ ತುದಿಯಲ್ಲಿ ಕರಿಬೇವು ಸಾಲಾಗಿ ಜೋಡಿಸಿತ್ತು.

ನಾನು ಎರಡು ಹೆಜ್ಜೆ ಹಿಂದೆ ಸರಿದೆ. ದೊಡ್ಡಮ್ಮ ಹೆದರಲಿಲ್ಲ. ಕಣ್ಣೊರೆಸಿಕೊಂಡು ಆ ಎಲೆಯ ಮುಂದೆ ಕೂತು, ಮೊದಲ ಸಲ ಅದರಿಂದ ಒಂದು ತುತ್ತು ತಿಂದರು. ಮುಂದಿನ ಸಲ ನಿಮ್ಮ ಹೆಸರು ತಪ್ಪಿಸುವುದಿಲ್ಲ, ನನ್ನಾಣೆ. ಆದರೆ ದೊಡ್ಡಮ್ಮ ಏನಂದರು ಗೊತ್ತಾ?

"ಮುಂದಿನ್ ವರ್ಷ ಆ ದೊರೆಗಳ್ಗೂ ನಮ್ಮೋರ್ ಸಾಲಲ್ಲೇ ಎಲೆ ಹಾಕಾಣ ಕಣೋ. ನಿಮ್ ದೊಡ್ಡಪ್ಪನ್ನ ಕರ್ಕೊಂಡ್ ಬಂದವ್ರೆ."