ಹನ್ನೊಂದು ಮೆಟ್ಟಿಲಿನ ಲೆಕ್ಕ

ದಿಬ್ಬೂರಹಳ್ಳಿ
ಶುಕ್ರವಾರ, ೧೩ ಜೂನ್ ೨೦೨೫

ನನ್ನ ಮುದ್ದಿನ ಸಂಘಮಿತ್ರಮ್ಮಾ,

ಹೇಗಿದ್ದೀಯಮ್ಮ? ತುಮಕೂರಿನ ನೀರಾವರಿ ಆಫೀಸಿನಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಕಂಪ್ಯೂಟರ್ ನೋಡಿ ನೋಡಿ ಬರುತ್ತಿದ್ದ ಕಣ್ಣುರಿ ಹೋಯಿತಾ? ನಿಮ್ಮಜ್ಜಿ ಮುನಿಗಂಗಮ್ಮನ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಮೊದಲಿಗಿಂತ ಚುರುಕಾಗಿದೆ. ನನ್ನ ಕಿವಿ ಮುಕ್ಕಾಲು ಮುಚ್ಚಿಹೋಗಿದೆ, ಅದಕ್ಕೇ ಫೋನು ಬಿಟ್ಟು ಕಾಗದ ಹಿಡಿದಿದ್ದೇನೆ. ನಾಳೆ ಪಕ್ಕದ ಮನೆ ಜಗನ್ ತುಮಕೂರಿಗೆ ಬರುತ್ತಾನೆ, ಅವನ ಕೈಯಲ್ಲಿ ಕಳಿಸುತ್ತೇನೆ.

ಹೋದ ತಿಂಗಳು ನೀನು ಬಂದಾಗ ನಡುಮನೆಯಲ್ಲಿ ಹಾಸಿದ ಆ ನಕ್ಷೆ ನನ್ನ ತಲೆಯಿಂದ ಇಳಿಯುತ್ತಲೇ ಇಲ್ಲ ನೋಡು. ಗೌರಿಬಿದನೂರಿನ ಕಡೆಯಿಂದ ಕಂಬಗಳ ಮೇಲೆ ಹರಿದು ಬರುವ ದೊಡ್ಡ ಮೇಲ್ಗಾಲುವೆ, ಅಲ್ಲಿಂದ ಪಂಪಿನಲ್ಲಿ ಎತ್ತಿ ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಕೆರೆಗಳಿಗೆ ಬಿಡುವುದು. ನಲವತ್ತು ವರ್ಷ ಈ ಊರ ನೀರುಗಂಟಿಯಾಗಿ ಕೆರೆಯ ತೂಬು ಎತ್ತಿ, ಗದ್ದೆಗದ್ದೆಗೆ ನೀರು ಹಾಯಿಸಿದವನು ನಾನು. ನನ್ನ ಕಾಲದಲ್ಲಿ ನೀರು ಕೆಳಕ್ಕೆ ಹೋಗುತ್ತಿತ್ತು, ನಾನು ಅದರ ಹಿಂದೆ ಗುದ್ದಲಿ ಹಿಡಿದು ಹೋಗುತ್ತಿದ್ದೆ. ಈಗ ಅದು ಗುಡ್ಡ ಹತ್ತಬೇಕಂತೆ! ಎಷ್ಟು ನೀರು, ಎಷ್ಟು ಎತ್ತರ, ಅದಕ್ಕೆ ಎಷ್ಟು ಕರೆಂಟು, ಇದೆಲ್ಲ ನಿನ್ನ ಲೆಕ್ಕವಂತೆ. ನನಗೆ ಗೊತ್ತಿರುವುದು ಐದು ಎಚ್‌ಪಿ ಬೋರ್‌ವೆಲ್ ಮೋಟರು. ನೀನು ಹೇಳಿದ ಮೆಗಾವ್ಯಾಟಿನಲ್ಲಿ ಅಂಥವು ಎಷ್ಟು ಹಿಡಿಸುತ್ತವೋ ದೇವರೇ ಬಲ್ಲ. ನಮ್ಮೂರಿಗೆ ತ್ರೀ ಫೇಸ್ ಬರುವುದೇ ದಿನಕ್ಕೆ ಏಳು ಗಂಟೆ. ಜಗನ್ ಬೇರೆ, "ನೀರೆತ್ತಕ್ಕೆ ಕರೆಂಟ್ ಬೇಕು, ಕರೆಂಟ್ ಮಾಡಕ್ಕೆ ನೀರು ಬೇಕು ತಾತ" ಅಂತ ನಕ್ಕ. ಹಾಗಾದರೆ ಮೊದಲು ಬರುವುದು ಯಾವುದಮ್ಮ? ಎರಡು ದಿನ ಯೋಚಿಸಿದೆ, ತಲೆ ಗಿರ್ರೆಂದಿತು, ಬಿಟ್ಟೆ.

ಅದಿರಲಿ. ಕೆರೆಯ ಹೂಳು ತೆಗೆದರೆ ಹಳೆಯ ಆಳ ಎಷ್ಟು ಸಿಗುತ್ತದೆ ತಾತ ಎಂದು ನೀನು ಕೇಳಿದೆ. ಕೆರೆ ತುಂಬಿ ಕೋಡಿ ಬಿದ್ದಾಗ ತೂಬಿನ ಪಕ್ಕದ ಕಲ್ಲುಮೆಟ್ಟಿಲು ಹನ್ನೊಂದು ಮುಳುಗುತ್ತವೆ ಎಂದು ನಾನು ಹೇಳಿದೆ. "ನಿಮ್ ಮಾತೇ ದಾಖಲೆ ತಾತ" ಅಂತ ನಗುನಗುತ್ತಾ ನೀನು ಬರೆದುಕೊಂಡೆ. ಸೋಮವಾರ ಆ ವರದಿಗೆ ಸಹಿ ಹಾಕುತ್ತೀಯಂತೆ, ಆಮೇಲೆ ಪಂಪು, ಕೊಳವೆ ಯಾವುದನ್ನೂ ಬದಲಾಯಿಸುವ ಹಾಗಿಲ್ಲವಂತೆ. ಅದು ಕೇಳಿದಾಗಿನಿಂದ ದಿನಾ ಕೆರೆಯ ಕಡೆ ಹೋಗಿ ಬರುತ್ತಿದ್ದೇನೆ. ಹನ್ನೊಂದು ಸುಳ್ಳಲ್ಲ. ನನ್ನಪ್ಪನೂ ಹನ್ನೊಂದೇ ಅನ್ನುತ್ತಿದ್ದ, ಅವನಪ್ಪನೂ ಹನ್ನೊಂದೇ. ಆದರೆ ನೀನು ಕೇಳಿದ್ದಕ್ಕೆ ಅದು ಉತ್ತರ ಹೌದೋ ಅಲ್ಲವೋ ತಿಳಿಯದೆ ಒದ್ದಾಡುತ್ತಿದ್ದೇನೆ. ಬಾಯಿ ಬಿಟ್ಟರೆ ಅಪ್ಪನಿಗೆ ಕೊಟ್ಟ ಮಾತು ಹೋಗುತ್ತದೆ, ಬಿಡದಿದ್ದರೆ ನಿನ್ನ ಹೆಸರು ಕೆಡುತ್ತದೆ. ನಿನ್ನೆ ಕೆರೆ ಏರಿಯ ಮೇಲೆ ಮೆಟ್ಟಿಲು ಎಣಿಸುತ್ತಾ ನಿಂತಿದ್ದೆ. ನಿಮ್ಮಜ್ಜಿ ಮಂಡಿ ಹಿಡಿದುಕೊಂಡೇ ಹುಡುಕಿ ಬಂದು, "ಏಮಯ್ಯಾ, ಪಿಚ್ಚಾ ನಿಂಗೆ, ಹುಚ್ಚು ಹಿಡೀತಾ? ಮೊಮ್ಮಗ್ಳ ಹತ್ರನೂ ಗುಟ್ಟಾ?" ಅಂತ ಕಿವಿಯ ಹತ್ತಿರ ಕೂಗಿದಳು. ಅದು ಮಾತ್ರ ಚೆನ್ನಾಗಿ ಕೇಳಿಸಿತು.

ನಿಮ್ಮಪ್ಪ ಸಿದ್ಧಾರ್ಥನ ರೇಷ್ಮೆಹುಳು ನಾಲ್ಕನೇ ಜ್ವರ ಎದ್ದು ಪೊರೆ ಬಿಟ್ಟಿವೆ, ಹಗಲೂ ರಾತ್ರಿ ಮೇಯುತ್ತಿವೆ, ಅವನಿಗೆ ದಿನವೆಲ್ಲ ಸೊಪ್ಪು ಕೊಯ್ಯುವುದೇ ಕೆಲಸ. ನೀನು ತಣ್ಣಗಿರು ತಾಯಿ. ನೀನು ಹಾಕಿದ ಸಹಿಗೆ ಯಾರೂ ಬೆರಳು ತೋರಿಸದಿರಲಿ.

ನಿನ್ನ ತಾತ,
ಬಯ್ಯಪ್ಪ

ಮತ್ತೆ, ಶನಿವಾರ ಬೆಳಿಗ್ಗೆ: ಜಗನ್ ಬಾಗಿಲಲ್ಲಿ ಹಾರನ್ ಹೊಡೆಯುತ್ತಿದ್ದಾನಂತೆ, ನಿಮ್ಮಜ್ಜಿ ಹೇಳಿದಳು. ಮೆಟ್ಟಿಲು ಹನ್ನೊಂದಲ್ಲಮ್ಮ, ಹದಿನಾಲ್ಕು. ನೀರು ಗದ್ದೆಗೆ ಹೊರಬೀಳುವ ತೂಬಿನ ಕಂಡಿಯ ಕೆಳಗೆ ಇನ್ನೂ ಮೂರು ಹೂಳಿನಲ್ಲಿ ಮುಚ್ಚಿವೆ. ತೂಬಿನ ಕೆಲಸ ಒಪ್ಪಿಸಿದ ದಿನ ಅಪ್ಪ ನನ್ನ ಕೈ ಹಿಡಿದು, "ಕೆಳಗಿನ ಮೂರು ದನಕರದ್ದು, ಮೀನಿಂದು, ಹಕ್ಕಿದು ಕಣೋ. ಬಾಯಲ್ಲಿ ಎಣಿಸ್ಬೇಡ. ಎಣಿಸಿದ್ರೆ ಯಾರಾದ್ರೂ ನಮ್ಗೆ ಬೇಕು ಅಂತ ಕೇಳ್ತಾರೆ" ಅಂದಿದ್ದ. ಅದಕ್ಕೇ ನಮ್ಮ ಮನೆಯ ನೀರುಗಂಟಿಗಳು ಯಾರೂ ಹನ್ನೊಂದರ ಮೇಲೆ ಹೇಳಲಿಲ್ಲ. ನಿನ್ನ ಪಂಪು ಮೊದಲು ಆ ಮೂರನ್ನು ತುಂಬಬೇಕು. ಹದಿನಾಲ್ಕಕ್ಕೆ ನೀರು ಲೆಕ್ಕ ಹಾಕು, ಹದಿನಾಲ್ಕಕ್ಕೆ ಕರೆಂಟು ಕೇಳು, ಆದರೆ ನೀವು ಕಟ್ಟಿಸುವ ಹೊಸ ತೂಬನ್ನು ಈಗಿರುವ ಕಂಡಿಗಿಂತ ಕೆಳಗೆ ಇಡಿಸಬೇಡ, ಇಟ್ಟರೆ ಆ ಮೂರರ ನೀರೂ ಗದ್ದೆಗೆ ಹರಿದುಹೋಗುತ್ತದೆ. ಆ ಮೂರು ಯಾರ ಪಾಲು ಎಂದು ನಿಮ್ಮ ಸಾಹೇಬರು ಕೇಳೇ ಕೇಳುತ್ತಾರೆ. ಅಪ್ಪ ಹೆದರಿದ್ದು ಇದಕ್ಕೇ. ನಾನು ಎಣಿಸಿಬಿಟ್ಟೆ, ಇನ್ನು ಅವರಿಗೆ ಉತ್ತರ ಕೊಡಬೇಕಾದವಳು ನೀನೇ ಕಣಮ್ಮ.