ಗಾಳೆಮ್ಮನಿಗೆ ನಿವಾಳಿಸಿ ಕೊಟ್ಟ ಮೀನುಗಳು

ಜವಳಗೇರಾ, ಡಿಸೆಂಬರ್ ೧೯೯೮

ಪಟ್ಟೆ ಮೀನುಗಳಲ್ಲಿ ಮಿದುಳಿನ ರೋಗ ಪರೀಕ್ಷಿಸುವ ಸಂಶೋಧನಾಲಯದ ಮುಖ್ಯಸ್ಥರೇ,

ಜುಲೈನಲ್ಲಿ ನಿಮ್ಮವರು ನಮ್ಮ ಕಾಲುವೆಯಿಂದ ಮೀನು ಒಯ್ದರು, ನನ್ನ ತಂಗಿ ಗಾಳೆಮ್ಮನ ತೋಳಿನಿಂದ ರಕ್ತ ಒಯ್ದರು. ಒಂದು ತಿಂಗಳಲ್ಲಿ ಉತ್ತರ ಬರೆಯುತ್ತೇವೆ ಎಂದಿದ್ದರು. ಐದು ತಿಂಗಳಾಯಿತು. ನನ್ನ ಎರಡು ಪತ್ರಗಳಿಗೆ ಇಂಗ್ಲಿಷಿನ ಒಂದು ಚೀಟಿ ಬಂತು. ಓದಿಸಿ ಕೇಳಿದೆ: ನಿಮ್ಮ ಪತ್ರ ತಲುಪಿದೆ ಎಂದಿತ್ತು. ಟಪಾಲಿನವನ ಮೇಲೆ ನನ್ನ ದೂರಿರಲಿಲ್ಲ, ಸ್ವಾಮಿ. ಅದಕ್ಕೇ ಈಗ ನಾಲ್ಕು ಜನ ಓದುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಗಾಳೆಮ್ಮನಿಗೆ ಹದಿನೇಳು ವರ್ಷ. ಚಿಕ್ಕಂದಿನಿಂದ ಮೂರ್ಛೆ ರೋಗ. ವಾರಕ್ಕೊಮ್ಮೆ ಬೀಳುತ್ತಿದ್ದವಳು ಸಿಂಧನೂರಿನ ಡಾಕ್ಟರು ಕೊಟ್ಟ ಗುಳಿಗೆಯಿಂದ ವರ್ಷಕ್ಕೊಮ್ಮೆ ಬೀಳುವಂತಾಗಿದ್ದಳು. ಅಂದು ಜೀಪಿನಲ್ಲಿ ಬಂದಿದ್ದ ನಿಮ್ಮ ಯುವ ವಿಜ್ಞಾನಿ ಕೆಟ್ಟವರೆಂದು ನಾನು ಹೇಳಲಾರೆ. ನಾನು ಕಾಲುವೆಯ ಗೇಟು ಏರಿಸಿ ಇಳಿಸುವ ಕೂಲಿಯವನೆಂದು ತಿಳಿದು ನನಗೆ ತಿಳಿಯುವಂತೆಯೇ ವಿವರಿಸಿದರು. ಮಿದುಳಿನ ನರಗಳಲ್ಲಿ ಕಣ್ಣಿಗೆ ಕಾಣದ ಗೇಟುಗಳಿವೆಯಂತೆ. ಉಪ್ಪಿನ ಅಂಶ ಅವುಗಳಲ್ಲಿ ಹಾದು ಒಳಗೂ ಹೊರಗೂ ಓಡಾಡುತ್ತದಂತೆ. ಹುಟ್ಟಿನಿಂದ ಕೆಟ್ಟ ಗೇಟು ಹೊತ್ತಿಗೆ ಸರಿಯಾಗಿ ಮುಚ್ಚದಿದ್ದರೆ ಮಿದುಳೆಲ್ಲ ಒಮ್ಮೆಲೇ ಉಕ್ಕಿ ಮೈ ಸೆಟೆಯುತ್ತದಂತೆ. ನಮ್ಮ ಕಾಲುವೆಯ ಪಟ್ಟೆ ಮೀನಿಗೂ ಅಂಥವೇ ಗೇಟುಗಳು. ಅದರ ಮರಿ ಗಾಜಿನ ಹಾಗೆ, ಒಳಗಿನದೆಲ್ಲ ಹೊರಗೇ ಕಾಣುತ್ತದೆ. ಅದಕ್ಕೆ ಅದೇ ದೋಷ ತರಿಸಿ ಔಷಧ ಪರೀಕ್ಷಿಸಬಹುದು. ರಕ್ತ ನೋಡಿದರೆ ಗಾಳೆಮ್ಮನ ಯಾವ ಗೇಟು ಕೆಟ್ಟಿದೆಯೆಂದು ತಿಳಿದರೂ ತಿಳಿಯಬಹುದು. ನನಗೆ ಅರ್ಥವಾಯಿತು. ಪಕ್ಕದಲ್ಲಿದ್ದ ನಮ್ಮವ್ವ ಪಕೀರಮ್ಮನಿಗೆ ಬೇರೆಯೇ ಅರ್ಥವಾಯಿತು.

"ಹಂಗಾರ ಈಕಿ ಬ್ಯಾನಿ ಮೀನಿಗೆ ಬರತೈತೇನ್ರೀ ಸಾಹೇಬ್ರ?"

"ಹೌದಮ್ಮಾ, ಮೀನಿಗೆ ಬರಿಸ್ತೀವಿ" ಎಂದರು ಅವರು.

ನಮ್ಮಲ್ಲಿ ಜಡ್ಡಾದವರಿಗೆ ಕೋಳಿ ನಿವಾಳಿಸಿ ಊರ ಸೀಮೆಯಾಚೆ ಬಿಡುತ್ತಾರೆ; ಜಡ್ಡು ಅದರ ಜೊತೆ ಹೋಗುತ್ತದೆಂಬ ನಂಬಿಕೆ. ಅವ್ವ ಅವರ ಕೈಯಿಂದ ನೀರು ತುಂಬಿದ ಮೀನಿನ ಚೀಲ ಇಸಿದುಕೊಂಡು ಗಾಳೆಮ್ಮನ ಮುಖಕ್ಕೆ ಮೂರು ಸುತ್ತು ನಿವಾಳಿಸಿ ಜೀಪಿನಲ್ಲಿಟ್ಟಳು. ನಿಮ್ಮವರು ನಕ್ಕು ಫೋಟೋ ತೆಗೆದರು. "ಹಾಗಲ್ಲಮ್ಮಾ" ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು? ನಾನೂ ಹೇಳಲಿಲ್ಲ. ಜನರೆದುರು ನನಗೆ ಬಾಯಿ ಬರುವುದಿಲ್ಲ. ಅದು ನನ್ನ ತಪ್ಪು. ಅದನ್ನು ಒಪ್ಪಿಕೊಂಡೇ ನಿಮ್ಮದನ್ನು ಕೇಳುತ್ತಿದ್ದೇನೆ.

ಬೇನೆ ಹೋಯಿತೆಂದು ಮರುದಿನದಿಂದ ಅವ್ವ ಗುಳಿಗೆ ನಿಲ್ಲಿಸಿದಳು. ಆಗಸ್ಟಿನಲ್ಲಿ ಭತ್ತ ನಾಟಿ ಮಾಡುವಾಗ ಗಾಳೆಮ್ಮ ಗದ್ದೆಯಲ್ಲಿ ಬೋರಲು ಬಿದ್ದಳು. ಇದ್ದದ್ದು ಗೇಣುದ್ದ ನೀರು. ಪಕ್ಕದಲ್ಲಿದ್ದ ಶಂಶಾದ್‌ಬೀ ಜಡೆ ಹಿಡಿದು ಎತ್ತಿದ್ದಕ್ಕೆ ಉಳಿದಳು. "ಗುಳಿಗಿ ಒಮ್ಮಿಗೇ ಬಿಡಿಸಿದವ್ರು ಯಾರಲೇ?" ಎಂದು ಸಿಂಧನೂರಿನ ಡಾಕ್ಟರು ನನ್ನನ್ನು ಬೈದರು. ಮನೆಗೆ ಬಂದು ಹೇಳಿದೆ.

"ಹೋದದ್ದನ್ನ ಗುಳಿಗಿ ಕೊಟ್ಟು ಹೊಳ್ಳಿ ಕರೀಲೇನು?" ಎಂದಳು ಅವ್ವ. "ಅವ್ರು ಮೀನು ಜ್ವಾಕಿ ಮಾಡಿಲ್ಲ, ಅದಕ್ಕ ಹಿಂಗಾಗೈತಿ."

"ಯವ್ವಾ, ಮೀನಿಗೂ ಇದಕ್ಕೂ ಸಂಬಂಧ ಇಲ್ಲಬೇ."

"ನೀ ನಾಕನೇತ್ತ ಓದಿದಾವ. ಅವ್ರು ಜೀಪಿನ್ಯಾಗ ಬಂದಿದ್ರು."

ಗುಳಿಗೆಯ ಡಬ್ಬಿ ಟ್ರಂಕಿನಲ್ಲಿದೆ, ಟ್ರಂಕಿನ ಕೀಲಿ ಅವ್ವನ ಸೊಂಟದಲ್ಲಿದೆ. ತಂಗಿಯನ್ನು ಕೂಲಿಗೆ ಕಳಿಸದೆ ಮನೆಯಲ್ಲಿ ಕೂಡಿಸೋಣವೆಂದರೆ ಜಡ್ಡಿನವಳೆಂದು ಊರಿಗೆ ಸಾರಿದಂತೆ ಎನ್ನುತ್ತಾಳೆ ಅವ್ವ. ನಿಮ್ಮಲ್ಲಿ ಮೀನುಗಳಿಗೆ ಬೆಚ್ಚನೆಯ ನೀರು, ಹೊತ್ತು ಹೊತ್ತಿಗೆ ಆಹಾರ ಎಂದು ಕೇಳಿದ್ದೇನೆ. ಸಂತೋಷ. ಮೀನಿನ ತಲೆಯೊಳಗಿನ ಗೇಟು ಕಾಣುವ ನಿಮಗೆ ಆ ಮೀನು ಕೊಟ್ಟವರ ಮನೆ ಕಾಣುವುದಿಲ್ಲವೇ?

ಜನವರಿಯಲ್ಲಿ ಬೇಸಿಗೆ ಬೆಳೆಯ ನಾಟಿ ಶುರುವಾಗುತ್ತದೆ. ಗಾಳೆಮ್ಮ ಕೂಲಿಗೆ ಹೋಗುವ ಗದ್ದೆಗೆ ನೀರು ಬಿಡುವವನು ನಾನೇ. ಆ ಗೇಟು ಏರಿಸುವ ಮೊದಲು ನಿಮ್ಮವರು ಬರಬೇಕು. ರಕ್ತದಲ್ಲಿ ಏನೂ ತಿಳಿಯಲಿಲ್ಲವಾದರೆ ಅದನ್ನೇ ಹೇಳಲಿ, ನಾವು ಜಗಳಕ್ಕೆ ಬರುವುದಿಲ್ಲ. ಆದರೆ ನಮ್ಮ ಬಾಗಿಲಲ್ಲಿ ನಿಂತು, "ಪಕೀರಮ್ಮಾ, ಬೇನೆ ಮೀನಿನ ಜೊತೆ ಹೋಗಿಲ್ಲ, ನಿನ್ನ ಮಗಳಲ್ಲೇ ಇದೆ, ಗುಳಿಗೆ ಕೊಡು" ಎಂದು ಹೇಳಬೇಕು. ನಾನು ಹೇಳಿ ಸೋತಿದ್ದೇನೆ.

ದಯವಿಟ್ಟು ಬಸ್ಸಿನಲ್ಲಿ ಬರಬೇಡಿ. ಜೀಪಿನಲ್ಲೇ ಬನ್ನಿ.

ಇಂತಿ,
ಚೀಲ ನಿವಾಳಿಸುವಾಗ ಸುಮ್ಮನೆ ನಿಂತಿದ್ದ ಅಣ್ಣ
ಅಂಬಪ್ಪ